ಕಿವಿಗೆ ಹಿಡಿದ ಕಾಯಿ

ಆ ಕಥೆಯಲ್ಲಿ ನಾನು ದಡ್ಡಿ. ಅದಕ್ಕೆ ನನ್ನ ತಕರಾರಿಲ್ಲ. ಕಥೆ ಅಂದಮೇಲೆ ಒಬ್ಬ ದಡ್ಡ ಬೇಕು, ಆ ದಡ್ಡ ತುಂಬಾ ಓದಿದವನಾಗಿದ್ದರೆ ಕೇಳುವವರಿಗೆ ಇನ್ನೂ ಖುಷಿ. ನನ್ನ ತಕರಾರು ಬೇರೆ ಕಡೆ ಇದೆ.

ತಿಪಟೂರಿನಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಒಂದು ಸಣ್ಣ ಕೇಂದ್ರವಿದೆ. ಪಿಎಚ್.ಡಿ. ಮುಗಿದ ಮೇಲಿನ ತರಬೇತಿಯ ಭಾಗವಾಗಿ ನನ್ನನ್ನು ಬೆಂಗಳೂರಿನ ಸಂಸ್ಥೆಯವರು ಅಲ್ಲಿಗೆ ಹಾಕಿದ್ದರು. ಅಲ್ಲಿನ ವಿಶೇಷ ಶಿಕ್ಷಕಿ ತಿಪಟೂರಿನವರೇ, ಟೈಲರ್ ಮನೆತನದವರು, ಮಾತಿನಲ್ಲೂ ಅಳತೆ ತಪ್ಪುವವರಲ್ಲ. ಹೊಸಬರು ಯಾರೇ ಬರಲಿ, ಟೀ ಹೊತ್ತಿಗೆ ಅವರು ಈ ಕಥೆ ತೆಗೆಯುತ್ತಾರೆ.

"ಬೆಂಗಳೂರಿಂದ ಒಬ್ರು ಮೇಡಂ ಬಂದಿದ್ರು ಕಣ್ರೀ. ಡಾಕ್ಟ್ರೇಟ್ ಆಗಿ ಅದರ ಮೇಲೂ ಓದ್ತಾ ಇದ್ದೋರು. ಹೊನ್ನವಳ್ಳಿ ಕಡೆಯ ಒಂದು ಹೆಣ್ಣು ಮಗು ಬಂತು. ಏನು ಕೊಟ್ರೂ ಕಿವಿ ಹತ್ರ ಹಿಡ್ಕೊಂಡು ಅಲ್ಲಾಡ್ಸೋದು. ಗೊಂಬೆ ಕೊಟ್ರೆ ಗೊಂಬೆ, ಲೋಟ ಕೊಟ್ರೆ ಲೋಟ. ಮೇಡಂ ಬರ್ಕೊಂಡ್ರು, ಇದು ಆಟಿಸಂ ಲಕ್ಷಣ ಅಂತ. ಆ ತಾಯಿ ನಕ್ಬಿಟ್ಟು, 'ಅಯ್ಯೋ ಮೇಡಂ, ನಮ್ಮನೇಲಿ ಎಲ್ರೂ ಹಂಗೇ ಮಾಡೋದು, ನಮ್ದು ಕೊಬ್ಬರಿ ಮನೆ' ಅಂದ್ರು. ಮೇಡಂ ಮುಖ ನೋಡ್ಬೇಕಿತ್ತು ನೀವು."

ಎಲ್ಲರೂ ನಗುತ್ತಾರೆ. ನಗದೇ ಇರುವವರು ಹೊರಗಿನ ಊರಿನವರು, ಅವರಿಗೆ ಯಾರಾದರೂ ಬಿಡಿಸಿ ಹೇಳಬೇಕು: ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕೊಬ್ಬರಿ ಆಗಿದೆಯೋ ಇಲ್ಲವೋ ನೋಡಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಗಿಟಕು, ಅಂದರೆ ಆ ಒಣ ಉಂಡೆ, ಲೊಟಲೊಟ ಎಂದರೆ ಆಗಿದೆ. "ಕಾಯಿ ಆಡ್ತದೆ" ಅನ್ನುತ್ತಾರೆ.

ಆಮೇಲೆ ನೀತಿ ಬರುತ್ತದೆ. ಜನರ ಬದುಕು ತಿಳಿಯದೆ ಅವರ ಮಕ್ಕಳನ್ನು ಪರೀಕ್ಷೆ ಮಾಡಬಾರದು. ಒಪ್ಪದವರು ಯಾರಿದ್ದಾರೆ? ಅಲ್ಲೇ ನನಗೆ ಅನುಮಾನ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿ, ಬಂದ ಪಕ್ಷವನ್ನು ವಾದಿಸಿಯೇ ನಾನು ಬೆಳೆದದ್ದು. ಪರವಾಗಿಯೂ ನಿಂತಿದ್ದೇನೆ, ವಿರೋಧವಾಗಿಯೂ ನಿಂತಿದ್ದೇನೆ. ವಿರೋಧಿಸಲು ಯಾರೂ ಎದ್ದು ನಿಲ್ಲದ ಮಾತು ಬಂದರೆ, ಅದರಲ್ಲಿ ಏನನ್ನೋ ಬಚ್ಚಿಟ್ಟಿದ್ದಾರೆ ಅಂತಲೇ ಲೆಕ್ಕ. ಈ ಕಥೆಯಲ್ಲಿ ತಾಯಿ ಬುದ್ಧಿವಂತೆ, ನಾನು ಪೆದ್ದಿ, ಕೇಳಿದವರು ಉದಾರಿಗಳು. ಹುಡುಗಿ ಎಲ್ಲಿ? ಲೋಟ ಅಲ್ಲಾಡಿಸಿದ ಮೇಲೆ ಅವಳ ಕೆಲಸ ಮುಗಿಯಿತು. ಆಮೇಲೆ ಅವಳೇನಾದಳು ಅಂತ ಒಬ್ಬರೂ ಕೇಳುವುದಿಲ್ಲ.

ಇನ್ನೊಂದು. ಆ ಮೇಡಂ ಬೆಂಗಳೂರಿನವಳೇ ಅಲ್ಲ. ನಮ್ಮದು ಅಲ್ಲೇ ಹತ್ತಿರದ ದಂಡಿನಶಿವರ, ಅದೂ ಕೊಬ್ಬರಿಯ ಸೀಮೆಯೇ. ನಡೆಯಲು ಬಂದಾಗಿನಿಂದ ಅಟ್ಟ ಹತ್ತಿದವಳು ನಾನು. ಆ ಮಗು ಗೊಂಬೆಯನ್ನು ಕಿವಿಗೆ ಹಿಡಿದ ಕೂಡಲೇ ನನಗೆ ನಮ್ಮ ಮನೆಯ ಅಟ್ಟ ಕಂಡಿತ್ತು. ಗೊತ್ತಿದ್ದೇ ಬರೆದುಕೊಂಡೆ. ಇದನ್ನು ಶಿಕ್ಷಕಿಗೆ ಹೇಳಿದ್ದೇನೆ ಕೂಡ.

"ಅದನ್ನ ಸೇರಿಸಿದ್ರೆ ಕಥೆ ಕೆಟ್ಟೋಗುತ್ತೆ ಕಣ್ರೀ," ಅಂದರು ಅವರು. "ನಮ್ಮೂರೋರೇ ದಡ್ರು ಅಂದ್ರೆ ಯಾರು ನಗ್ತಾರೆ?"

ಹಾಗಾದರೆ ಆ ದಿನ ಆದದ್ದೇನು? ಪರೀಕ್ಷೆಯ ಪೆಟ್ಟಿಗೆಯಲ್ಲಿ ಗೊಂಬೆ, ಪ್ಲಾಸ್ಟಿಕ್ ಕೇಕು, ಸೋಪಿನ ಗುಳ್ಳೆ, ಕಾರು. ಗೊಂಬೆಯ ಹುಟ್ಟುಹಬ್ಬ ಮಾಡಿ ಮಗುವನ್ನು ಕರೆಯಬೇಕು. ಆರು ವರ್ಷದ ಹುಡುಗಿ, ಎರಡು ಜಡೆ, ಮಾತಿಲ್ಲ. ಗೊಂಬೆಯನ್ನು, ಆಮೇಲೆ ಕೇಕನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಹಿಡಿದಳು, ಅಲ್ಲಾಡಿಸಿದಳು. ಸದ್ದಿಲ್ಲ. ಕೆಳಗಿಟ್ಟಳು. ಕಾರಿನ ಒಳಗೆ ಏನೋ ಸಡಿಲವಾಗಿತ್ತು, ಅದು ಸಿಕ್ಕ ಮೇಲೆ ಬೇರೇನೂ ಬೇಡವಾಯಿತು. ನಾನು ಗುಳ್ಳೆ ಊದಿದೆ, ಹೆಸರು ಹಿಡಿದು ಕರೆದೆ, ಕಿಟಕಿಯತ್ತ ಬೆರಳು ತೋರಿದೆ. ಅವಳು, ಕಾರು, ಆ ಸದ್ದು. ಮುಖದಲ್ಲಿ ನೆಮ್ಮದಿ ಇತ್ತು, ಕರೆಯುವುದೇ ಅನ್ಯಾಯ ಅನ್ನಿಸುವಷ್ಟು.

ತಾಯಿ ನಕ್ಕಿದ್ದು ನಿಜ. "ನಮ್ಮನೇಲಿ ಎಲ್ರೂ ಹಂಗೇ" ಅಂದದ್ದೂ ನಿಜ. ನಾನೂ ನಕ್ಕೆ, ನಮ್ಮ ಮನೆಯಲ್ಲೂ ಹಂಗೇ ಅಂದೆ. ಕಥೆ ಇಲ್ಲಿಗೆ ನಿಲ್ಲುತ್ತದೆ. ಆದರೆ ತಾಯಿ ಅಲ್ಲಿಗೆ ನಿಲ್ಲಿಸಲಿಲ್ಲ. ನಗು ಆರಿದ ಮೇಲೆ ಮಗಳ ಜಡೆಯ ರಿಬ್ಬನ್ ಸರಿಮಾಡುತ್ತಾ ಹೇಳಿದರು:

"ಮೇಡಂ, ಬೇರೆ ಮಕ್ಳು ಒಂದು ಇರುವೆ ಕಂಡ್ರೂ ಅಮ್ಮ ನೋಡು ಅಂತಾವೆ. ಇವ್ಳು ಇಲ್ಲೀವರ್ಗೂ ನಂಗೆ ಏನೂ ತೋರ್ಸಿಲ್ಲ. ಮಾತು ಬರ್ದಿದ್ರೆ ಬ್ಯಾಡ ಬುಡಿ. ಒಂದ್ಸಲ ಏನಾದ್ರೂ ತಂದು ತೋರ್ಸಿದ್ರೆ ಸಾಕು ನಂಗೆ."

ನಮ್ಮ ಇಡೀ ಶಾಸ್ತ್ರ ಆ ಮಾತಿನ ಸುತ್ತ ಇದೆ. ಒಂದು ವಸ್ತುವನ್ನು ಇನ್ನೊಬ್ಬರ ಜೊತೆ ಸೇರಿ ನೋಡುವುದು, ಬೇಕು ಅಂತಲ್ಲದೆ, ಸುಮ್ಮನೆ ತೋರಿಸುವುದಕ್ಕಾಗಿ ತೋರಿಸುವುದು. ಅದರ ಬಗ್ಗೆ ಪುಟಗಟ್ಟಲೆ ಬರೆದವಳು ನಾನು. ಇಷ್ಟು ಸರಳವಾಗಿ ಅದನ್ನು ಬೇಡಿದವರನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಆ ಮಧ್ಯಾಹ್ನವೇ ಅವರಿಗೆ ಹೇಳಿದೆ: ಇದು ಆಟಿಸಂ. ಕಾಯಿ ಅಲ್ಲಾಡಿಸುವುದು ನಿಮ್ಮ ಮನೆಯಿಂದ ಬಂದದ್ದು, ಅದರಲ್ಲಿ ಮುಳುಗಿಹೋಗುವುದು ಅವಳದು. ವಾರಕ್ಕೊಮ್ಮೆ ಬನ್ನಿ.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಶಿಕ್ಷಕಿ ಫೋನ್ ಮಾಡಿದರೆ ತಾಯಿಯ ದನಿ ತಗ್ಗಿತು. "ಮಾವ ಬ್ಯಾಡ ಅಂತಾರೆ ಕಣ್ರೀ."

ನಡೆದದ್ದು ಇಷ್ಟೇ. ಆಟಿಸಂ ಅನ್ನುವ ಪದವನ್ನು ಮನೆಗೆ ಹೊತ್ತು ಹೋಗುವುದು ಭಾರ. ಹಗುರ ಮಾಡಿಕೊಳ್ಳಲು ತಾಯಿ ಮನೆಯಲ್ಲಿ ಮೊದಲು ಆ ತಮಾಷೆ ಹೇಳಿದ್ದಾರೆ. ಅವರ ಮಾವ ತಮಾಷೆಯನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಆಚೆ ಹಾಕಿದ್ದಾರೆ. ಮೊಮ್ಮಗಳು ಕಾಯಿ ನೋಡಿದರೆ ಡಾಕ್ಟರು ಕಾಯಿಲೆ ಅಂದರಂತೆ ಅಂತ ಊರೆಲ್ಲ ನಕ್ಕಾಗಿದೆ. ನಕ್ಕವರ ಎದುರಿಗೆ ಇನ್ನು ಮಗುವನ್ನು ಬಸ್ಸು ಹತ್ತಿಸುವುದು ಹೇಗೆ? ಟೀ ಹೊತ್ತಿನ ಆ ಒಳ್ಳೆಯ ಕಥೆ ಇದೆಯಲ್ಲ, ಅದು ಮಾಡಿದ ಮೊದಲ ಕೆಲಸ ಇದು. ಅದಕ್ಕೇ ನನಗೆ ಅದರ ಮೇಲೆ ಕೋಪ.

ಶಿಕ್ಷಕಿಯ ಸ್ಕೂಟರಿನಲ್ಲಿ ಹೋದೆವು. ಹೊನ್ನವಳ್ಳಿ ದಾಟಿ ತೋಟದೊಳಗಿನ ಮಣ್ಣು ದಾರಿ. ಮನೆಯ ಪಕ್ಕ ಕೊಬ್ಬರಿ ಶೆಡ್ಡು, ಒಳಗೆ ಅಟ್ಟ. ಆ ಮಾವ, ಹುಡುಗಿಯ ತಾತ, ಅಟ್ಟದ ಮೇಲಿದ್ದರು. ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಏಣಿಯ ಕಡೆ ತೋರಿಸಿದರು. ನಾನು ಹತ್ತಿದೆ.

ಹಳೆಯ ಅಟ್ಟದ ಆ ವಾಸನೆ, ಧೂಳು, ಎಣ್ಣೆ, ಸ್ವಲ್ಪ ಹೊಗೆ. ರಾಶಿಯ ಆಚೆ ಗಾಜಿನ ಹೆಂಚಿನ ಕೆಳಗೆ ಹುಡುಗಿ ಕೂತಿದ್ದಳು, ಕೈಯಲ್ಲಿ ಕಾಯಿ.

"ನೀನೇ ಏನವ್ವ ಆ ಡಾಕ್ಟ್ರು?" ಅಂದರು ತಾತ.

"ಡಾಕ್ಟ್ರೇ ತಾತ. ಆದ್ರೆ ಮಾತ್ರೆ ಕೊಡೋ ಡಾಕ್ಟ್ರಲ್ಲ."

"ಮತ್ತೇನ್ ಕೊಡ್ತೀಯ?"

"ಕಾಟ," ಅಂದರು ಶಿಕ್ಷಕಿ ಕೆಳಗಿನಿಂದ.

ತಾತನ ಮೀಸೆ ಸ್ವಲ್ಪ ಅಲುಗಿತು. ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ನೋಡಿ, ನನ್ನ ಕಡೆ ಚಾಚಿದರು. "ಹಿಡಿ. ಆಡ್ತದಾ ಹೇಳು."

ಅಲ್ಲಾಡಿಸಿದೆ. "ಆಡ್ತದೆ."

"ಇಲ್ಲ ಬುಡು. ನೀರೈತೆ."

"ಒಡೀರಿ, ನೋಡೋಣ."

ಎದುರು ಹೇಳುವವರು ಆ ಮನೆಯಲ್ಲಿ ಕಡಿಮೆ ಅನ್ನಿಸುತ್ತದೆ. ತಾತ ನನ್ನನ್ನೊಮ್ಮೆ ನೋಡಿ ಏಣಿ ಇಳಿದರು, ಹಿಂದೆಯೇ ನಾನೂ ಇಳಿದೆ. ಸುಲಿದರು, ಚಿಪ್ಪು ಒಡೆದರು. ಒಳಗಿಂದ ಒಣಗಿದ ಉಂಡೆ ಕೊಬ್ಬರಿ ಹೊರಬಂತು, ಒಂದು ಹನಿ ನೀರಿಲ್ಲ. ತಾತ ಅದನ್ನು ಹಾಗೇ ತಿರುವಿ ನೋಡಿ ಅರ್ಧ ಮುರಿದು ನನಗೆ ಕೊಟ್ಟರು.

"ಯಾವೂರವ್ವ ನಿಂದು?"

"ದಂಡಿನಶಿವರ."

"ಮೊದ್ಲೇ ಹೇಳಬಾರ್ದಾ. ಬೆಂಗ್ಳೂರು ಅಂತ ತಿಳ್ಕಂಡು ಎಚ್ಚರ ಇಲ್ದೆ ಆಡ್ಬುಟ್ಟೆ." ಇಬ್ಬರೂ ಮತ್ತೆ ಮೇಲೆ ಬಂದು ಕೂತೆವು, ಅವರೂ ಒಂದು ಚೂರು ಬಾಯಿಗೆ ಹಾಕಿಕೊಂಡರು. "ನಮ್ಮೋಳೇ ಆಗಿ, ಇದ್ನ ಕಾಯಿಲೆ ಅಂತೀಯಲ್ಲ."

"ಕಾಯಿಲೆ ಅಂದಿಲ್ಲ ತಾತ. ಒಂದು ಕೇಳ್ಲಾ?"

"ಕೋರ್ಟಾ ಇದು? ಕೇಳು."

"ನೀವು ಕಾಯಿ ಯಾಕೆ ಅಲ್ಲಾಡ್ಸೋದು?"

"ಒಣಗೈತಾ ಇಲ್ವಾ ಅಂತ."

"ಒಣಗಿದ್ರೆ?"

"ಕೆಳಕ್ಕೆ ಹಾಕ್ತೀನಿ."

"ಇಲ್ದಿದ್ರೆ?"

"ಅಲ್ಲೇ ಬುಡ್ತೀನಿ. ಇದ್ಯಾವ ಬ್ರಹ್ಮವಿದ್ಯೆ?"

"ಅವಳು?"

ಇಬ್ಬರೂ ಆ ಕಡೆ ನೋಡಿದೆವು. ನಾನು ಮೊದಲು ಏಣಿ ಹತ್ತಿದಾಗ ಅವಳ ಕೈಯಲ್ಲಿದ್ದ ಕಾಯಿಯೇ ಈಗಲೂ ಇತ್ತು. ಕೆಳಕ್ಕೂ ಹೋಗಿರಲಿಲ್ಲ, ರಾಶಿಗೂ ಹೋಗಿರಲಿಲ್ಲ.

"ಅವ್ಳಿಗೆ ಆ ಸದ್ದು ಇಷ್ಟ ಕಣವ್ವ," ಅಂದರು ತಾತ. ದನಿ ಮೊದಲಿನದಲ್ಲ.

"ಇಷ್ಟಪಡೋದು ತಪ್ಪಲ್ಲ. ನೀವು ಸಣ್ಣೋರಿದ್ದಾಗ, ಮೊದಲ ಸಲ ಕಾಯಿ ಆಡಿದ್ದು ಕೇಳಿಸ್ದಾಗ ಏನ್ ಮಾಡಿದ್ರಿ?"

ಅವರ ಮುಖ ಅರಳಿತು. "ನಮ್ಮಪ್ಪನ ಕಿವಿಗೆ ಹಿಡಿದೆ. 'ಆಡ್ತದೆ ಕಣಪ್ಪ, ಕೇಳು' ಅಂತ. ಅವ್ರು ಉಂಡು ಮಲಗಿದ್ರು. ತಲೆಗೆ ಕಾಯಲ್ಲಿ ಕುಟ್ಟಿದಂಗಾಗಿ ಎದ್ದು ಬೈದ್ರು ನೋಡು." ನಕ್ಕರು.

"ಅವಳು ಯಾರ ಕಿವಿಗೆ ಹಿಡಿದಿದ್ದಾಳೆ ತಾತ?"

ಚರ್ಚಾಸ್ಪರ್ಧೆಯಲ್ಲಿ ಇಂಥ ಪ್ರಶ್ನೆ ಬಿದ್ದರೆ ಅಲ್ಲಿಗೆ ಮುಗಿಯಿತು. ಹಿಂದಿನ ಬೆಂಚಿನವರು ಮೇಜು ಗುದ್ದುತ್ತಾರೆ, ಸೋತವರು ಕೈ ಕುಲುಕಿ ಕ್ಯಾಂಟೀನಿಗೆ ಹೋಗುತ್ತಾರೆ. ಇಲ್ಲಿ ಸೋತವರು ಕಾಯಿ ರಾಶಿಯ ಮೇಲೆ ಕೂತು ಮೊಮ್ಮಗಳನ್ನೇ ನೋಡುತ್ತಿದ್ದರು. ಬಾಯಲ್ಲಿದ್ದ ಕೊಬ್ಬರಿ ಅಗಿಯುವುದು ನಿಂತಿತ್ತು. ಏಣಿಯ ಬುಡದಲ್ಲಿ ತಾಯಿ ಮಜ್ಜಿಗೆ ಲೋಟ ಹಿಡಿದು ನಿಂತಿದ್ದರು, ಎಲ್ಲ ಕೇಳಿಸಿರಬೇಕು. ಪ್ರಶ್ನೆ ವಾಪಸ್ ತೆಗೆದುಕೊಳ್ಳಲು ಬರುವ ಹಾಗಿದ್ದರೆ ತೆಗೆದುಕೊಳ್ಳುತ್ತಿದ್ದೆನೇನೋ. ಗೊತ್ತಿಲ್ಲ. ಪ್ರಶ್ನೆ ಸರಿಯೇ ಇತ್ತು.

ಬಾಯಲ್ಲಿದ್ದದ್ದನ್ನು ನುಂಗಿ ತಾತ, "ಅದ್ನ ಕಲಿಸಕ್ಕಾಯ್ತದಾ?" ಅಂದರು.

"ಮಾತು ಕೊಡಕ್ಕಾಗಲ್ಲ ತಾತ. ಅವಳು ಇರೋ ಕಡೆಗೆ ನಾವು ಹೋಗಿ ಕೂರಬಹುದು. ಬರಬೇಕು ಅನ್ನಿಸಿದ್ರೆ ಅವಳಿಗೊಂದು ದಾರಿ ಇರಬೇಕು, ಅಷ್ಟು."

"ಮಾತ್ರೆನೂ ಕೊಡಲ್ಲ, ಮಾತೂ ಕೊಡಲ್ಲ," ಅಂದರು ತಾತ. ಆಮೇಲೆ, "ಆ ಪ್ಲಾಸ್ಟಿಕ್ ಗೊಂಬೆ ಎಲ್ಲ ಬ್ಯಾಡ. ಇಲ್ಲಿಗೇ ಬಾ. ಏನ್ ಮಾಡ್ಬೇಕು ನಂಗೂ ಹೇಳ್ಕೊಡು."

ಬೆಂಗಳೂರಿನಲ್ಲಿರುವ ನನ್ನ ಮಾರ್ಗದರ್ಶಕರಿಗೆ ಅಟ್ಟದ ಮೇಲೆ ಚಿಕಿತ್ಸೆ ಮಾಡುತ್ತೇನೆ ಅಂತ ಫೋನಿನಲ್ಲಿ ಹೇಳಿದೆ. ಅವರು ನನಗಿಂತ ಅನುಮಾನಿ. "ಮಾಡು. ಆದ್ರೆ ಕಾಯಿ ಕೊಟ್ಟೆ ಆಟಿಸಂ ಹೋಯ್ತು ಅಂತ ನನ್ನ ಮುಂದೆ ಬರಬೇಡ," ಅಂದರು. ಇನ್ನೊಂದೂ ಕೇಳಿದರು: "ತೋರಿಸಬೇಕು ಅನ್ನೋದು ಆ ಮಗುವಿನ ಆಸೆನೋ, ಅಮ್ಮನ ಆಸೆನೋ?"

"ಅಮ್ಮನೂ ಒಂದು ಜೀವ ಅಲ್ವಾ ಸರ್," ಅಂದೆ.

"ಅದು ಉತ್ತರ ಅಲ್ಲ. ಒಳ್ಳೆ ವಾಕ್ಯ."

ಅವರು ಹೇಳಿದ್ದು ಸರಿ. ಆ ಪ್ರಶ್ನೆಯನ್ನು ಹಿಡಿದುಕೊಂಡೇ ನಾನು ಪ್ರತಿ ವಾರ ಆ ಏಣಿ ಹತ್ತಿದೆ. ನೆಮ್ಮದಿಯಾಗಿ ಕೂತವಳನ್ನು ನಮ್ಮ ಕಡೆ ತಿರುಗಿಸುವ ಹಕ್ಕು ನಮಗೆ ಯಾರು ಕೊಟ್ಟರು? ಪರವಾಗಿ ವಾದಿಸಬಲ್ಲೆ: ಹಸಿವು, ನೋವು, ಭಯ ಹೇಳಿಕೊಳ್ಳಲು ಅವಳಿಗೆ ಇನ್ನೊಬ್ಬರ ದಾರಿ ಬೇಕು. ವಿರೋಧವಾಗಿಯೂ ವಾದಿಸಬಲ್ಲೆ. ಎರಡನ್ನೂ ವಾದಿಸಿ ಮುಗಿದ ಮೇಲೆ ಉಳಿಯುವುದು ರಿಬ್ಬನ್ ಸರಿಮಾಡುತ್ತಿದ್ದ ಆ ತಾಯಿಯ ಕೈ.

ಕೆಲಸ ಏನೂ ದೊಡ್ಡದಲ್ಲ. ಅವಳ ಪಕ್ಕದಲ್ಲಿ ಕೂರುವುದು. ಅವಳು ಅಲ್ಲಾಡಿಸಿದರೆ ನಾವೂ ನಮ್ಮ ಕಾಯಿ ಅಲ್ಲಾಡಿಸುವುದು. ಅವಳು ನಿಲ್ಲಿಸಿದರೆ ನಿಲ್ಲಿಸುವುದು. ಆಮೇಲೆ ನಮ್ಮ ಕಾಯನ್ನು ಅವಳ ಕಿವಿಯ ಹತ್ತಿರ ತಂದು ಒಮ್ಮೆ ಆಡಿಸಿ, ಬೇಡವೆಂದರೆ ಹಿಂದಕ್ಕೆ ತಂದು, ಕಾಯುವುದು. ಈ ಕಾಯುವುದು ತಾತನಿಗೆ ಬರಲಿಲ್ಲ.

"ತಗಳವ್ವ, ಕೇಳವ್ವ, ನೋಡವ್ವ ಇಲ್ಲಿ, ನನ್ನ ಚಿನ್ನ, ಕೇಳವ್ವ—"

"ತಾತ, ಸುಮ್ನಿರ್ಬೇಕು."

"ಸುಮ್ಕಿರಕ್ಕೆ ನಾನೇನು ಕಾಯಾ?"

"ಕಾಯೂ ಯಾರಾದ್ರೂ ಅಲ್ಲಾಡ್ಸಿದ್ರೆ ಮಾತ್ರ ಸದ್ದು ಮಾಡೋದು."

ಮುನಿಸಿಕೊಂಡು ಬಾಯಿ ಮುಚ್ಚಿದರು. ಆ ಮುನಿಸಿನಲ್ಲಿಯೇ ಅವರಿಗೆ ಸುಮ್ಮನಿರುವುದು ಅಭ್ಯಾಸವಾಯಿತು. ಕೆಲವು ವಾರ ಕಳೆದ ಮೇಲೆ ಏಣಿಯ ಕಡೆಯಿಂದ ಇಣುಕಿದರೆ ಅಜ್ಜ ಮೊಮ್ಮಗಳು ಅಕ್ಕಪಕ್ಕ ಕೂತು, ಒಬ್ಬರಾದ ಮೇಲೆ ಒಬ್ಬರು, ಲೊಟಲೊಟ, ಲೊಟಲೊಟ. ತಾತನ ಕಾಯಿ ತನ್ನ ಕಿವಿಗೆ ಬಂದರೆ ಅವಳು ತಲೆ ತಪ್ಪಿಸುವುದನ್ನು ಬಿಟ್ಟಿದ್ದಳು. ಒಮ್ಮೊಮ್ಮೆ ತಲೆಯನ್ನು ಸ್ವಲ್ಪ ಆ ಕಡೆಗೇ ಒರಗಿಸುತ್ತಿದ್ದಳು. ತಾತ ಆಗ ಉಸಿರೂ ಬಿಡುತ್ತಿರಲಿಲ್ಲ. ಆದರೆ ತನ್ನ ಕಾಯಿ ಯಾರಿಗೂ ಕೊಡಲಿಲ್ಲ. ತಾಯಿ ಬಂದಾಗಲೆಲ್ಲ ಏನನ್ನೂ ಕೇಳದೆ ನನ್ನ ಮುಖ ನೋಡುತ್ತಿದ್ದರು. ನಾನು ತಲೆ ಅಡ್ಡ ಆಡಿಸುತ್ತಿದ್ದೆ. "ಆಗ್ಲಿ ಬುಡಿ," ಅನ್ನುತ್ತಿದ್ದರು.

ಒಂದು ದಿನ ಶಿಕ್ಷಕಿಯೂ ಅಟ್ಟ ಹತ್ತಿ ಬಂದು ಕೂತಿದ್ದರು. ತಾಯಿ ಮಜ್ಜಿಗೆ ತಂದು, ಲೋಟ ಕೊಟ್ಟು, ಅಪರೂಪಕ್ಕೆ ಅಲ್ಲೇ ಕೂತರು. ಕಾಲು ನೋವು ಅಂದರು. ಗೋಡೆಗೊರಗಿ ಕಣ್ಣು ಮುಚ್ಚಿದರು. ಹುಡುಗಿ ಎದ್ದಳು. ಕೈಯಲ್ಲಿ ಕಾಯಿ. ಅಜ್ಜನನ್ನು ದಾಟಿದಳು, ಶಿಕ್ಷಕಿಯನ್ನು ದಾಟಿದಳು, ನನ್ನನ್ನು ದಾಟಿ ಮುಂದೆ ಹೋದಳು. ಹೋಗಿ ಅಮ್ಮನ ಕಿವಿಗೆ ಆ ಕಾಯನ್ನು ಒತ್ತಿ ಹಿಡಿದಳು. ಮೆಲ್ಲಗೆ ಅಲ್ಲ. ಓಲೆ ಒತ್ತಿ ನೋವಾಗಿರಬೇಕು. ತಾಯಿ ಅಲುಗಲಿಲ್ಲ, ಕಣ್ಣೂ ತೆರೆಯಲಿಲ್ಲ. ಅವಳು ಅಲ್ಲಾಡಿಸಲಿಲ್ಲ, ಬರೀ ಹಿಡಿದಳು. ಆಮೇಲೆ ಅಮ್ಮನ ಕೈ ಎತ್ತಿ ಕಾಯಿಯ ಮೇಲಿಟ್ಟಳು. ತಾಯಿ ಅಲ್ಲಾಡಿಸಿದರು. ಅಷ್ಟೇ. ಕಾಯಿ ವಾಪಸ್ ತೆಗೆದುಕೊಂಡು ಗಾಜಿನ ಹೆಂಚಿನ ಕೆಳಗೆ ಹೋಗಿ ಕೂತಳು.

ಈಗ ನಮ್ಮ ಕೇಂದ್ರದಲ್ಲಿ ಇದೂ ಒಂದು ಕಥೆ. ಮಗು ಅಮ್ಮನಿಗೆ ಕಾಯಿ ತೋರಿಸಿತು, ಮುಖ ನೋಡಿ ನಕ್ಕಿತು. ಕೇಳಿದವರ ಕಣ್ಣಲ್ಲಿ ನೀರು.

ನಾನು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಬೇಕಾದ ಕೆಲಸಕ್ಕೆ ದೊಡ್ಡವರ ಕೈಯನ್ನು ಒಂದು ಉಪಕರಣದ ಹಾಗೆ ಎಳೆದು ಬಳಸುವುದು ಆಟಿಸಂನಲ್ಲಿ ಸಾಮಾನ್ಯ. ಅವಳ ಕೈ ದಣಿದಿತ್ತು, ಅಲ್ಲಾಡಿಸಲು ಇನ್ನೊಂದು ಕೈ ಬೇಕಿತ್ತು, ಅಷ್ಟೇ ಇರಬಹುದು. ಆದರೆ ಹಾಗಿದ್ದರೆ ಕಾಯನ್ನು ತನ್ನ ಕಿವಿಗೆ ಹಿಡಿಯಬೇಕಿತ್ತಲ್ಲ, ಅಮ್ಮನ ಕಿವಿಗೆ ಯಾಕೆ ಹಿಡಿದಳು? ತೀರ್ಮಾನ ಮಾಡುವುದು ಕಣ್ಣು. ಆ ಗಳಿಗೆಯಲ್ಲಿ ಅವಳು ಅಮ್ಮನ ಮುಖ ನೋಡಿದಳೇ? ತಾತ ನೋಡಿದಳು ಅನ್ನುತ್ತಾರೆ, ತಾತನಿಗೆ ಕನ್ನಡಕವಿಲ್ಲದೆ ಏಣಿಯೇ ಕಾಣದು. ಶಿಕ್ಷಕಿ ನೋಡಿದಳು ಅನ್ನುತ್ತಾರೆ, ಶಿಕ್ಷಕಿ ಅಷ್ಟರಲ್ಲಿ ಅಳುತ್ತಿದ್ದರು. ತಾಯಿ ಕಣ್ಣು ಮುಚ್ಚಿದ್ದರು. ನೋಡುವುದಕ್ಕೆಂದೇ ಇಷ್ಟು ವರ್ಷ ತರಬೇತಿ ಪಡೆದ ನಾನು ಅವಳ ಹಿಂದೆ ಕೂತಿದ್ದೆ. ನನಗೆ ಕಂಡದ್ದು ಎರಡು ಜಡೆ.

ಕೆಳಗಿಳಿದ ಮೇಲೆ ತಾಯಿ ನನ್ನ ತೋಳು ಹಿಡಿದರು. ಕೆನ್ನೆಯ ಮೇಲೆ ಕಾಯಿಯ ಧೂಳು ಹಾಗೇ ಇತ್ತು. "ಮೇಡಂ, ಅವ್ಳು ನನ್ನ ನೋಡಿದ್ಲಾ?"

ಹೌದು ಅನ್ನುವುದು ಎಷ್ಟು ಸುಲಭವಾಗಿತ್ತು.

"ನಂಗೆ ಕಾಣಿಸ್ಲಿಲ್ಲ," ಅಂದೆ. "ನಿಜವಾಗ್ಲೂ ಗೊತ್ತಿಲ್ಲ."

ಅವರ ಮುಖದಲ್ಲಿ ಕೋಪವಿರಲಿಲ್ಲ. "ಆಗ್ಲಿ ಬುಡಿ. ನಾನಂತೂ ಕೇಳ್ದೆ. ಆ ಕಾಯಲ್ಲಿ ಇನ್ನೂ ನೀರೈತೆ." ಹೇಳಿ, ಓಲೆಯನ್ನು ಬೆರಳಲ್ಲಿ ಮುಟ್ಟಿಕೊಂಡರು. ಕೆನ್ನೆಯ ಧೂಳು ಒರೆಸಿಕೊಳ್ಳಲಿಲ್ಲ.

ತಿಪಟೂರಿನ ನನ್ನ ಅವಧಿ ಮುಗಿಯುವ ವಾರ ಒಬ್ಬಳೇ ಬಸ್ಸಿನಲ್ಲಿ ಆ ಮನೆಗೆ ಹೋದೆ. ಈಗ ತಾತನೇ ಮೊಮ್ಮಗಳನ್ನು ವಾರ ವಾರ ಕೇಂದ್ರಕ್ಕೆ ಕರೆತರುತ್ತಾರೆ, ದಾರಿಯಲ್ಲಿ ಯಾರಾದರೂ ನಕ್ಕರೆ, "ನೀನು ಯಾರ ಕಿವಿಗೆ ಹಿಡ್ದಿದ್ದೀಯ ಹೇಳ್ಲಾ" ಅಂತ ನನ್ನ ಪ್ರಶ್ನೆಯನ್ನೇ ಅವರ ಮೇಲೆ ಎಸೆಯುತ್ತಾರಂತೆ. ಪ್ರಶ್ನೆ ಹಾಳಾಯಿತು, ಇರಲಿ.

ಅಟ್ಟ ಹತ್ತಿ ಈ ಸಲ ಅವಳ ಎದುರಿಗೇ ಕೂತೆ. ಅಮ್ಮ ಕೆಳಗೆ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅವಳು ಅಲ್ಲಾಡಿಸಿದಳು, ನಾನೂ ಅಲ್ಲಾಡಿಸಿದೆ. ಅವಳು ನಿಲ್ಲಿಸಿದಳು. ಕೇಳಬಾರದು ಅಂದುಕೊಂಡಿದ್ದೆ. ಆದರೂ, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದೆ:

"ಅವತ್ತು ಅಮ್ಮನ ಕಿವಿಗೆ ಹಿಡಿದೆಯಲ್ಲ ಪುಟ್ಟಿ, ಅದು ಅಮ್ಮಂಗೂ ಕೇಳಿಸ್ಲಿ ಅಂತಲಾ?"